ಕೊಳಾಲದ ನೀಲಿ

ಮಧುಗಿರಿ
೪ ಮಾರ್ಚ್ ೨೦೨೪

ಅಮ್ಮನಿಗೆ ಲೋಹಿತಾಳ ನಮಸ್ಕಾರ.

"ನಿನ್ನ ದನಿ ಈ ಮನೇಲಿ ಇನ್ನು ಕೇಳಬಾರದು" ಎಂದು ಗೃಹಪ್ರವೇಶದ ದಿನ ಪಂಕ್ತಿಯಲ್ಲಿ ಕೂತವರೆಲ್ಲರ ಮುಂದೆ ನೀನು ಹೇಳಿದೆ. ದನಿ ಬೇಡ ಎಂದೆಯೇ ಹೊರತು ಅಕ್ಷರ ಬೇಡ ಎನ್ನಲಿಲ್ಲ. ಅದಕ್ಕೇ ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆ.

ನಡೆದದ್ದನ್ನು ಒಂದು ಸಲ ಸಮಾಧಾನವಾಗಿ ನೆನಪಿಸಿಕೋ. ಸಿರಾದಲ್ಲಿ ಹೊಸ ಮನೆ ಏಳುವಾಗ "ಊರವರ ಮನೆಗೆಲ್ಲ ಇಂಟೀರಿಯರ್ ಮಾಡ್ತೀಯ, ನಮ್ಮನೇದೂ ನೀನೇ ಮಾಡು" ಎಂದು ಕೆಲಸ ಒಪ್ಪಿಸಿದವಳು ನೀನೇ. ಹಾಲ್‌ನ ದೊಡ್ಡ ಗೋಡೆಗೆ ಯಾವ ಬಣ್ಣ ಎಂದು ನಾನು ಕೇಳಿದೆ. ನಿನ್ನ ತವರು ಕೊಳಾಲದ ನಡುಮನೆಯಲ್ಲಿ ಸುಣ್ಣಕ್ಕೆ ನೀಲಿ ಕಲಸಿ ಬಳಿಯುತ್ತಿದ್ದರಲ್ಲ, ಅದು ಬೇಕು ಎಂದೆ ನೀನು. ನಾನು ಕೊಳಾಲಕ್ಕೆ ಹೋದೆ. ಮಹಾಲಿಂಗಯ್ಯ ಮಾವನನ್ನು ಕೇಳಿ ಆ ಗೋಡೆಯಿಂದ ಒಂದು ಚಕ್ಕೆ ಎಬ್ಬಿಸಿಕೊಂಡು ಬಂದೆ. ಬಣ್ಣದ ಅಂಗಡಿಯ ಮಿಷನ್ನಿಗೆ ಅದನ್ನು ತೋರಿಸಿ, ಅದಕ್ಕೆ ಸರಿಯಾಗಿ ಕಲಸಿಸಿದೆ. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ, ಮೂರು ಹೊತ್ತೂ ಗೋಡೆಯ ಮೇಲೆ ಹಚ್ಚಿ ನೋಡಿದೆ. ನಿಮ್ಮ ಹಾಲ್‌ಗೆ ಪಡುವಣ ಬಿಸಿಲು ಹೊಡೆಯುತ್ತದೆ, ನೆಲ ಕೆಂಪು. ಅಂಥಲ್ಲಿ ತೆಳು ನೀಲಿ ಒಂದೇ ಗೋಡೆಗಿದ್ದರೆ ಕಣ್ಣಿಗೆ ತಂಪು. ನಾಲ್ಕೂ ಗೋಡೆಗೆ ಬಳಿದರೆ ಮನೆ ಮಂಕಾಗುತ್ತದೆ. ಅದಕ್ಕೇ ಉಳಿದ ಮೂರಕ್ಕೆ ಬಿಳಿ ಮಾಡಿಸಿ, ತೇಗದ ಬಾಗಿಲನ್ನು ಹಾಗೆಯೇ ಬಿಟ್ಟೆ.

ನಿನಗೆ ಎಣ್ಣೆ ಮಿಲ್ಲಿನಲ್ಲಿ ಕಡಲೆಕಾಯಿ ಸುಗ್ಗಿ. ಗೃಹಪ್ರವೇಶದ ದಿನವೇ ಗೋಡೆ ನೋಡಿದ್ದು. ಹೊಸಿಲು ದಾಟಿ ನಿಂತು, "ಇದೇನೇ, ಬೂದಿ ಬಳ್ದಿದೀಯ?" ಎಂದೆ. "ಅಮ್ಮ, ನೀಲಿ ಕಣಮ್ಮ, ನಿಮ್ಮ ಕೊಳಾಲದ್ದೇ" ಎಂದೆ. ನೀನು ತಿರುಗಿ ಬಂದವರನ್ನೆಲ್ಲ ಕೇಳಿದೆ. ತಮ್ಮ ರುದ್ರಮುನಿ "ಬೂದಿನೇ ಅಮ್ಮ" ಎಂದ. ಅವನ ಹೆಂಡತಿ ತಲೆಯಾಡಿಸಿದಳು. ಮಹಾಲಿಂಗಯ್ಯ ಮಾವ, ಚಕ್ಕೆ ಕಿತ್ತುಕೊಟ್ಟ ಅದೇ ಮಾವ, "ಬೂದಿ ಬಣ್ಣನೇ ಬುಡಕ್ಕ, ಅದ್ರಲ್ಲೇನೈತೆ" ಎಂದ. ನಾನೊಬ್ಬಳೇ ನೀಲಿ ಎಂದು ನಿಂತೆ.

ನನಗೆ ಬೇಕಾದದ್ದು ಒಂದೇ. ಯಾರ ಮುಂದೆ ನನ್ನನ್ನು ಸುಳ್ಳಿ ಎಂದೆಯೋ, ಅವರ ಮುಂದೆ ಆ ಗೋಡೆ ನೀಲಿಯಾಗಿತ್ತು ಎಂದು ಹೇಳು. ಆಮೇಲೆ ಅದರ ಮೇಲೆ ಯಾವ ಬಣ್ಣ ಬೇಕಾದರೂ ಬಳಿಸಿಕೋ.

ಇಂತಿ ನಿನ್ನ ಮಗಳು
ಲೋಹಿತಾ


ಸಿರಾ
೧೯ ಮಾರ್ಚ್ ೨೦೨೪

ಲೋಹಿತಾ,

ಮೇಲೆ ಆಶೀರ್ವಾದ ಬರೆಯುವುದು ಪದ್ಧತಿ. ಈ ಸಲ ಕೈ ಬರಲಿಲ್ಲ. ಜಾಗ ಬಿಟ್ಟಿದ್ದೇನೆ.

ನಿನ್ನ ಕಾಗದವನ್ನು ಹೊಸಿಲ ಮೇಲೆ ಕೂತು ಬಿಸಿಲಿಗೆ ಹಿಡಿದು ಓದಿದೆ. ಇರುವೆ ಕಾಲಿನಂಥ ಅಕ್ಷರ ಯಾಕೆ ಬರೆಯುತ್ತೀಯೆ, ಕಾಗದಕ್ಕೇನು ಬರವೆ?

ಹತ್ತು ಜನ ಒಂದು ಹೇಳಿದರೆ ನೀನು ಇನ್ನೊಂದು ಹೇಳುವುದು ಹೊಸದಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಕೊಳಾಲದ ಗೋಡೆ ಹೇಗಿತ್ತು ಎಂದು ನೀನು ನನಗೆ ಹೇಳಿಕೊಡುತ್ತೀಯ? ಯುಗಾದಿಗೆ ಮುಂಚೆ ಅವ್ವ ಸುಣ್ಣದ ಬಾನಿಗೆ ನೀಲಿಯ ಗಂಟು ಅದ್ದಿ ತಿರುವುತ್ತಿದ್ದಳು. ಹದ ಬಂತಾ ಅಂತ ನನ್ನನ್ನೇ ಕೇಳುತ್ತಿದ್ದಳು. ನಾನು ಬಂತು ಎಂದ ಮೇಲೆಯೇ ಗೋಡೆಗೆ ಕುಂಚ. ಈಗಲೂ ಮಿಲ್ಲಿನಲ್ಲಿ ಗಾಜಿನ ಲೋಟದೊಳಗಿನ ಎಣ್ಣೆ ನೋಡಿ, ಬೀಜ ಪಾವಗಡದ್ದೋ ಮಧುಗಿರಿಯದ್ದೋ ಹೇಳುವವಳು ನಾನು.

ನೀನು ಕಾಲೇಜಿನಲ್ಲಿ ಏನೋ ಕಲಿತೆ. ಪುಸ್ತಕದಲ್ಲಿ ದೊಡ್ಡ ದೊಡ್ಡ ಬಂಗಲೆಗಳ ಗೋಡೆ ಬೂದಿ ಬಣ್ಣದಲ್ಲಿರುತ್ತದೆ, ಅದನ್ನು ತಂದು ನನ್ನ ತಲೆಗೆ ಕಟ್ಟಿದೆ. ಹಣೆಗೆ ವಿಭೂತಿ ಧರಿಸುವ ಜನ ನಾವು, ಗೋಡೆಗೆ ಬೂದಿ ಬಳಿಯುವವರಲ್ಲ. ನಿನ್ನ ತಪ್ಪನ್ನು ಮುಚ್ಚಿಕೊಳ್ಳಲು ನಮ್ಮಪ್ಪನ ಮನೆಯ ಗೋಡೆಯನ್ನು ಯಾಕೆ ಎಳೆಯುತ್ತೀಯ? ಮಹಾಲಿಂಗ ಸುಳ್ಳು ಹೇಳುತ್ತಾನೆಯೇ? ರುದ್ರಮುನಿಗೆ ಕಣ್ಣಿಲ್ಲವೇ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ, ನಿನ್ನ ಕಣ್ಣಿಗೆ ಬೂದಿಯೆಲ್ಲ ನೀಲಿ.

ಬೂದಿ ಬಳಿದೆ, ತಪ್ಪಾಯಿತು ಎಂದು ಹೇಳಿಕೊಂಡು ಬಾ. ಬಾಗಿಲು ತೆರೆದೇ ಇದೆ. ನೀನು ಬರುವವರೆಗೂ ಗೋಡೆ ಕಾಯುವುದಿಲ್ಲ, ಪೇಂಟರ್ ಖಲೀಲ್‌ಗೆ ಹೇಳಿ ಕಳಿಸಿದ್ದೇನೆ.

ಇಂತಿ
ಬಸವಮ್ಮ


ಸಿರಾ
೨೨ ಮೇ ೨೦೨೪

ಅಕ್ಕನಿಗೆ ರುದ್ರಮುನಿ ಮಾಡುವ ನಮಸ್ಕಾರ.

ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಪೋಸ್ಟ್‌ಮ್ಯಾನ್‌ನನ್ನು ಬ್ಲಾಕ್ ಮಾಡಲು ಆಗುವುದಿಲ್ಲವಲ್ಲ, ಅದಕ್ಕೇ ಕಾಗದ. ಸ್ಕೂಲು ಬಿಟ್ಟ ಮೇಲೆ ಇದೇ ಮೊದಲು ಬರೆಯುತ್ತಿರುವುದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಹಾಲ್‌ಗೆ ಹೊಸ ಬಣ್ಣ ಆಯಿತು. ಒಂದು ಗೋಡೆಗಲ್ಲ, ನಾಲ್ಕಕ್ಕೂ. ಪೇಂಟರ್ ಖಲೀಲ್ ಮೊದಲು ತಿಳಿ ನೀಲಿ ಹಚ್ಚಿ ತೋರಿಸಿದ. ಅಮ್ಮ "ಇದೂ ಬೂದಿನೇ, ಇನ್ನೂ ನೀಲಿ ಹಾಕು" ಎಂದರು. ಹಾಕಿದ. "ಇನ್ನೂ ಹಾಕು." ಕಲಸಿದ ಹಾಗೆಲ್ಲ ಅಮ್ಮ ತಲೆ ಅಲ್ಲಾಡಿಸುತ್ತಲೇ ಇದ್ದರು. ಕೊನೆಗೆ ಅವನು ಡಬ್ಬಿ ಕೆಳಗಿಟ್ಟು, "ಅಮ್ಮಾ, ಇದಕ್ಕಿಂತ ನೀಲಿ ಸಿರಾದಾಗೇ ಸಿಗಲ್ಲ" ಎಂದ. ಆಗ ಅಮ್ಮ ಅದನ್ನು ನೋಡಿ, "ಹ್ಞಾ, ಇದು ನೋಡು ನಮ್ಮವ್ವನ ಸುಣ್ಣ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಖಲೀಲ್ ನನ್ನ ಮುಖ ನೋಡಿದ. ನಾನು ಫ್ಯಾನ್ ನೋಡಿದೆ.

ಅಕ್ಕ, ಆ ಹಾಲ್‌ನಲ್ಲಿ ಕೂರುವುದಕ್ಕೆ ಆಗುವುದಿಲ್ಲ. ಟ್ಯೂಬ್‌ಲೈಟ್ ಹಾಕಿದರೆ ಅನ್ನವೂ ನೀಲಿ, ಮಜ್ಜಿಗೆಯೂ ನೀಲಿ. ಬಂದವರು ಬಾಗಿಲಲ್ಲೇ ಒಂದು ಗಳಿಗೆ ನಿಂತು ಆಮೇಲೆ ಒಳಗೆ ಬರುತ್ತಾರೆ. ಬಂದು "ಎಷ್ಟು ತಂಪಾಗೈತೆ ಬಸವಕ್ಕ" ಎನ್ನುತ್ತಾರೆ. ಅಪ್ಪನ ಫೋಟೊ ಮಾತ್ರ ಇದ್ದ ಜಾಗದಲ್ಲೇ ಇದೆ. ಪೂಜೆ ಮಾಡಿ ಏರಿಸಿದ ಫೋಟೊವನ್ನು ಮುಂದಿನ ತಿಥಿಯವರೆಗೆ ಇಳಿಸಬಾರದು ಎಂದು ಅಮ್ಮ ಹೇಳಿದ್ದಕ್ಕೆ ಖಲೀಲ್ ಅದರ ಸುತ್ತ ಬ್ರಶ್ ಆಡಿಸಿ ಬಿಟ್ಟ.

ನನಗೂ ಕಣ್ಣಿದೆ ಅಕ್ಕ. ನೀನು ಬಳಿಸಿದ್ದು ನೀಲಿಯೇ. ಆದರೆ ಮಿಲ್ಲಿನ ಬೀಗದ ಕೈ ಇನ್ನೂ ಅಮ್ಮನ ಸೊಂಟದಲ್ಲಿದೆ. ನಾನು ಆ ಮನೆಯಲ್ಲಿ ದಿನಾ ಉಣ್ಣಬೇಕು. ನೀನಾದರೆ ಮಧುಗಿರಿಯಲ್ಲಿ ಪ್ರಸನ್ನ ಕುಮಾರ್ ಭಾವನ ಜೊತೆ ಹಾಯಾಗಿದ್ದೀಯ. ಅವತ್ತು ಬೂದಿ ಅಂದುಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು? ಒಂದು ಮಾತು ತಾನೆ. ಈಗಲಾದರೂ ಅಂದುಬಿಡು, ಎಲ್ಲ ಸರಿಹೋಗುತ್ತದೆ.

ಇದನ್ನು ಓದಿ ಹರಿದುಹಾಕು.

ನಿನ್ನ ತಮ್ಮ
ರುದ್ರಮುನಿ


ಮಧುಗಿರಿ
೩ ಜೂನ್ ೨೦೨೪

ರುದ್ರಮುನಿಗೆ,

ನಿನ್ನ ಕಾಗದ ಹರಿದುಹಾಕಿದೆ. ಹೆದರಬೇಡ, ಅಮ್ಮನಿಗೆ ತೋರಿಸುವ ಆಸೆ ನನಗಿಲ್ಲ.

ನೀನು ಬರೆಯುವವರೆಗೂ ನನಗೆ ಅಮ್ಮನ ಮೇಲೆ ಸಿಟ್ಟಿತ್ತು. ಈಗ ಅದನ್ನು ಎಲ್ಲಿಡಬೇಕೆಂದು ತಿಳಿಯುತ್ತಿಲ್ಲ. ಅಮ್ಮನಿಗೆ ಬೂದಿಯಾಗಿ ಕಂಡಿತೋ ಏನೋ, ಕಂಡದ್ದನ್ನು ಹೇಳಿದಳು. ನಿನಗೆ ನೀಲಿಯಾಗಿ ಕಂಡಿತು. ಮಾವನಿಗೂ ಕಂಡಿತು. ದಿನಾ ಬೆಳಿಗ್ಗೆ ಎದ್ದು ಅದೇ ಬಣ್ಣದ ಗೋಡೆಯನ್ನು ನೋಡುವವನು ಅವನು.

ಒಂದು ಮಾತು ತಾನೆ ಎಂದು ಬರೆದಿದ್ದೀಯ. ಆ ಒಂದು ಮಾತು ಇಲ್ಲಿಗೆ ಬಂದು ತಲುಪಿದೆ. ಕೊರಟಗೆರೆಯಲ್ಲಿ ಒಂದು ಮನೆಯ ಕೆಲಸ ಒಪ್ಪಿಕೊಂಡಿದ್ದೆ. ಮನೆಯಾಕೆ ಫೋನ್ ಮಾಡಿ, "ಬೇಜಾರ್ ಮಾಡ್ಕಬೇಡಿ, ತವರು ಮನೆಗೇ ಬೂದಿ ಬಳ್ದೋರು ಅಂತ ನಮ್ಮತ್ತೆ ಬೇಡ ಅಂತಾವ್ರೆ" ಎಂದರು. ಬೂದಿ ಲೋಹಿತಾ ಎಂದೇ ನನಗೆ ಹೆಸರಾಗಿದೆಯಂತೆ. ಬಣ್ಣ ನೋಡುವುದೇ ನನ್ನ ಕಸುಬು. ಎಣ್ಣೆ ಮಿಲ್ಲಿನವರು ಕಲಬೆರಕೆ ಮಾಡುತ್ತಾರೆ ಎಂದು ಯಾರಾದರೂ ಸಂತೆಯಲ್ಲಿ ಕೂಗಿದರೆ ನಿನಗೆ ಹೇಗಾಗುತ್ತದೆ, ಯೋಚಿಸು.

ಲೋಹಿತಾ


ಮಧುಗಿರಿ
೧೨ ಆಗಸ್ಟ್ ೨೦೨೪

ಅಮ್ಮನಿಗೆ ನಮಸ್ಕಾರ.

ಅಕ್ಷರ ದಪ್ಪ ಮಾಡಿ ಬರೆದಿದ್ದೇನೆ.

ಪುರವರದಲ್ಲಿ ಪರ್ವತಯ್ಯ ಎಂಬವರ ಮನೆಗೆ ಪರದೆ ಹಾಕಿಸುತ್ತಿದ್ದೇನೆ. ವಯಸ್ಸಾದವರು, ಕಿಟಕಿಯ ಪಕ್ಕದಲ್ಲೇ ಅವರ ಕುರ್ಚಿ. ಸೊಸೆ ಆಸೆಪಟ್ಟು ಆಕಾಶ ಬಣ್ಣದ ಬಟ್ಟೆ ಆರಿಸಿದ್ದಳು. ಕಟ್ಟಿದ ಮೇಲೆ ಪರ್ವತಯ್ಯನವರು, "ಈ ಮಸಿ ಅರಿವೆ ಯಾಕ್ ಕಟ್ಟಿದ್ರವ್ವ" ಎಂದರು. ಸೊಸೆ ನಕ್ಕು, "ಮಾವ, ನಿಮ್ ಕಣ್ಣಿಗೆ ಪೊರೆ ಬಂದೈತೆ, ಡಾಕ್ಟ್ರು ಹೇಳ್ಲಿಲ್ವಾ, ನಿಮಗೆ ನೀಲಿ ಕಾಣಾಕಿಲ್ಲ" ಎಂದಳು. ಅವರೂ ನಕ್ಕರು. ನನಗೆ ನಮ್ಮ ಗೋಡೆ ನೆನಪಾಯಿತು. ಆಮೇಲೆ ಗೊತ್ತಿರುವ ಡಾಕ್ಟರನ್ನು ಕೇಳಿದೆ. ಪೊರೆ ಬೆಳೆಯುತ್ತಾ ಹೋದ ಹಾಗೆ ಹಳದಿ ಗಾಜು ಹಿಡಿದು ನೋಡಿದಂತಾಗುತ್ತದೆ, ಎಲ್ಲಕ್ಕಿಂತ ಮೊದಲು ಕೆಡುವುದು ನೀಲಿ, ತಿಳಿ ನೀಲಿ ಬೂದಿಯಾಗುತ್ತದೆ, ಕಡು ನೀಲಿ ಕಪ್ಪಾಗುತ್ತದೆ ಎಂದರು. ನಿಧಾನವಾಗಿ ಆಗುವುದರಿಂದ ಅವರಿಗೇ ತಿಳಿಯುವುದಿಲ್ಲವಂತೆ.

ಬಿಸಿಲಿಗೆ ಹಿಡಿದು ಓದಿದೆ ಎಂದು ಬರೆದಿದ್ದೆಯಲ್ಲ, ಅದನ್ನು ಆಗಲೇ ನಾನು ಗಮನಿಸಬೇಕಿತ್ತು.

ನಾನು ಗೆಲ್ಲಬೇಕೆಂದು ಇದನ್ನು ಬರೆಯುತ್ತಿಲ್ಲ. ತುಮಕೂರಿಗೆ ಹೋಗಿ ಒಂದು ಸಲ ಕಣ್ಣು ತೋರಿಸು. ನಾನು ಜೊತೆಗೆ ಬರುತ್ತೇನೆ, ದಾರಿಯುದ್ದಕ್ಕೂ ಬಾಯಿ ತೆರೆಯುವುದಿಲ್ಲ.

ಇಂತಿ ನಿನ್ನ ಮಗಳು
ಲೋಹಿತಾ


ಸಿರಾ
೩೦ ಆಗಸ್ಟ್ ೨೦೨೪

ಲೋಹಿತಾ,

ಕೊನೆಗೆ ಇಲ್ಲಿಗೆ ಬಂದೆ. ಗೋಡೆ ಸರಿ, ನಿನ್ನ ಕೈ ಸರಿ, ಕೆಟ್ಟಿರುವುದು ಹೆತ್ತವಳ ಕಣ್ಣು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಳೆ ತಲೆ ಕೆಟ್ಟಿದೆ ಎನ್ನುತ್ತೀಯ, ನಾಡಿದ್ದು ಮಿಲ್ಲಿನ ಬಾಗಿಲು ಹಾಕಿಸುತ್ತೀಯ.

ನಿನ್ನ ಅಪ್ಪ ಚಂದ್ರಶೇಖರಯ್ಯ ಸತ್ತಾಗ ಮಿಲ್ಲು ಮಾರಿಬಿಡು ಎಂದು ಇದೇ ನೆಂಟರು ಹೇಳಿದರು. ನಾನು ಯಾರ ಕಣ್ಣಿನಿಂದಲೂ ನೋಡದೆ ಅದನ್ನು ನಡೆಸಿದೆ. ಇವತ್ತು ನಾನು ಒಂದು ಮಾತು ಆಡಿದರೆ ಎದುರಾಡುವವರು ಈ ಮನೆಯಲ್ಲಿಲ್ಲ, ಮಿಲ್ಲಿನಲ್ಲಿಲ್ಲ, ಕೊಳಾಲದಲ್ಲೂ ಇಲ್ಲ. ನೀನೊಬ್ಬಳು ಇದ್ದೆ. ಹೋದ ವಾರ ಎಣ್ಣೆ ಕಪ್ಪಾಗಿದೆ ಎಂದು ನಾಲ್ಕು ಪೀಪಾಯಿ ವಾಪಸು ಹಾಕಿಸಿದೆ. ಒಬ್ಬರಾದರೂ ಇಲ್ಲ ಎಂದರಾ? ಎಲ್ಲರೂ ಕುರುಡರೇ?

ಕಾರ್ತಿಕದಲ್ಲಿ ಮದಲೂರಿನ ಚನ್ನಮಲ್ಲಯ್ಯನ ಮಗಳ ಮದುವೆ. ಅದಕ್ಕೆಂದು ಕಡು ನೀಲಿ ರೇಷ್ಮೆ ಸೀರೆ ತೆಗೆದುಕೊಂಡು ಬಂದಿದ್ದೇನೆ, ನಾನೇ ನೂರು ಸೀರೆಯಲ್ಲಿ ಆರಿಸಿದ್ದು. ಸೊಸೆ ಜೊತೆಗಿದ್ದಳು, ಬಲು ಚೆನ್ನಾಗಿದೆ ಅತ್ತೆ ಎಂದಳು. ಅವಳಿಗೆ ನಿನ್ನಷ್ಟು ವಿದ್ಯೆ ಇಲ್ಲ, ಮರ್ಯಾದೆ ಇದೆ.

ಇನ್ನು ಅಕ್ಷರವೂ ಬೇಡ.

ಬಸವಮ್ಮ


ಸಿರಾ
೧೮ ಡಿಸೆಂಬರ್ ೨೦೨೪

ಲೋಹಿತಾ,

ಮೊದಲ ಕಾಗದದಲ್ಲಿ ಮೇಲೆ ಜಾಗ ಬಿಟ್ಟಿದ್ದೆನಲ್ಲ, ಆಶೀರ್ವಾದವನ್ನು ಅಲ್ಲಿ ನೀನೇ ಬರೆದುಕೋ.

ಬಲಗಣ್ಣಿಗೆ ಪೊರೆ ಆಪರೇಷನ್ ಆಯಿತು. ನಿನ್ನ ಮಾತು ಕೇಳಿ ಮಾಡಿಸಿಕೊಂಡೆ ಎಂದು ಹಿಗ್ಗಬೇಡ. ಕಾರಣ ಬೇರೆ.

ಮದಲೂರಿನ ಮದುವೆಗೆ ಹೊಸ ಸೀರೆ ಉಟ್ಟು ಹೋದೆ. ಚನ್ನಮಲ್ಲಯ್ಯನ ತಾಯಿ ನನ್ನ ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದರು. "ಬಸವಕ್ಕ, ನಮ್ಮೇಲೆ ಏನಾರ ಸಿಟ್ಟಿದ್ರೆ ಬಾಯ್ ಬುಟ್ಟು ಯೋಳು. ಸುಬದ ಮನೇಗೆ ಇಂಗೆ ಕಪ್ಪು ಉಟ್ಕಂಡ್ ಬರಬೌದಾ" ಎಂದರು. ಕಪ್ಪೆಲ್ಲಿ, ನೀಲಿ ಎಂದೆ. ಅವರು ತಮ್ಮ ಪೆಟ್ಟಿಗೆಯಿಂದ ಒಂದು ನೀಲಿ ಕುಪ್ಪಸ ತೆಗೆದು ಕಿಟಕಿಯ ಹತ್ತಿರ ನನ್ನ ಸೆರಗಿನ ಮೇಲಿಟ್ಟರು. ನನಗೆ ಎರಡೂ ಒಂದೇ ಆಗಿ ಕಂಡವು. ಅವರಿಗೆ ಕಣ್ಣು ತುಂಬಿತು. ಅವರ ಸೀರೆಯೊಂದನ್ನು ಕೊಟ್ಟರು, ಉಡಲಿಲ್ಲ. ಧಾರೆಯನ್ನೂ ನೋಡದೆ ಹಿತ್ತಲ ಬಾಗಿಲಿನಿಂದ ಬಂದುಬಿಟ್ಟೆ.

ಕಾರಿನಲ್ಲಿ ಸೊಸೆಯನ್ನು ಕೇಳಿದೆ. "ನೀವು ನೀಲಿ ಅಂದ್ರಲ್ಲ ಅತ್ತೆ, ಅದಕ್ಕೇ ನಾನೂ ಅಂದೆ" ಎಂದಳು. ಅಂಗಡಿಯವನು ಏನೋ ಹೇಳಲು ಬಂದಿದ್ದನಂತೆ, ಇವಳೇ ಕಣ್ಣುಸನ್ನೆ ಮಾಡಿ ಸುಮ್ಮನಾಗಿಸಿದಳಂತೆ. ಕಪ್ಪು ಉಡಿಸಿ ಮದುವೆ ಮನೆಗೆ ಕರೆದುಕೊಂಡು ಹೋದರು, ನನ್ನ ಮಾತಿಗೆ ಇಲ್ಲ ಎನ್ನುವ ಧೈರ್ಯವಿಲ್ಲದೆ.

ಕಣ್ಣಿನ ಕಟ್ಟು ಬಿಚ್ಚಿಸಿಕೊಂಡು ಮನೆಗೆ ಬಂದಾಗ ಹೊಸಿಲಲ್ಲೇ ನಿಂತೆ. ಇದೇನು ನಮ್ಮ ಮನೆಯೋ, ಬೇರೆಯವರದೋ. ಬಸ್‌ ಸ್ಟ್ಯಾಂಡಿನ ಪಾಯಿಖಾನೆಗೂ ಇಂಥ ಬಣ್ಣ ಬಳಿಯುವುದಿಲ್ಲ. ನೆಲದ ಕೆಂಪು, ಗೋಡೆಯ ನೀಲಿ ಎರಡೂ ಜಗಳಕ್ಕೆ ನಿಂತಿದ್ದವು. ಪಕ್ಕದಲ್ಲಿ ರುದ್ರಮುನಿ, "ಚೆನ್ನಾಗ್ ಕಾಣ್ತೈತಾ ಅಮ್ಮ, ನಿಮ್ಮ ನೀಲಿ?" ಎಂದ. ಹೂಂ ಎಂದೆ. ನೋಡು, ನಾನೂ ಅಂದೆ.

ಮರುದಿನ ಎಲ್ಲರೂ ಮಿಲ್ಲಿಗೆ ಹೋದ ಮೇಲೆ ಸ್ಟೂಲ್ ಹತ್ತಿ ನಿನ್ನ ಅಪ್ಪನ ಫೋಟೊ ಇಳಿಸಿದೆ. ಇಳಿಸಬಾರದು ಎಂದಿದ್ದವಳು ನಾನೇ. ಹಿಂದೆ ಫೋಟೊದ ಅಗಲಕ್ಕೆ ನೀನು ಬಳಿಸಿದ್ದು ಹಾಗೆಯೇ ಇತ್ತು. ಎಡಗಣ್ಣು ಮುಚ್ಚಿ ನೋಡಿದೆ. ನಮ್ಮವ್ವ ಬಾನಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹದ ಬಂತಾ ಎಂದು ಕೇಳಿದ ಹಾಗಾಯಿತು. ಬಲಗಣ್ಣು ಮುಚ್ಚಿ ನೋಡಿದೆ. ಬೂದಿ. ಎಷ್ಟೋ ಹೊತ್ತು ಹಾಗೇ ಒಂದೊಂದೇ ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ಬಲಗಣ್ಣಲ್ಲಿ ನೀನು ಸರಿ, ಎಡಗಣ್ಣಲ್ಲಿ ಮನೆಯವರೆಲ್ಲ ಸರಿ. ಆದರೆ ಮನೆಯವರಿಗೆ ಎರಡು ಕಣ್ಣೂ ಚೆನ್ನಾಗಿವೆ. ಅದು ನನಗೆ ತಡೆಯಲಾಗಲಿಲ್ಲ.

ಫೋಟೊ ತಿರುಗಿ ಏರಿಸಿ ಸುಮ್ಮನಿದ್ದೇನೆ. ಯಾರಿಗೂ ಹೇಳಿಲ್ಲ. ಎಣ್ಣೆ ಎಷ್ಟು ಸಲ ವಾಪಸು ಹಾಕಿಸಿದೆನೋ, ಸಾರಿನಲ್ಲಿ ಏನು ಬಿದ್ದಿತ್ತೋ, ಯಾವ ಯಾವ ಸೀರೆ ಉಟ್ಟು ಯಾರ ಯಾರ ಮನೆಗೆ ಹೋದೆನೋ. ಒಂದೊಂದನ್ನೇ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನೀನು ಬಂದು ಈ ಗೋಡೆ ಸರಿಮಾಡು.

ಅಮ್ಮ


ಮಧುಗಿರಿ
೨೭ ಡಿಸೆಂಬರ್ ೨೦೨೪

ಅಮ್ಮನಿಗೆ ನಮಸ್ಕಾರ.

ದೃಷ್ಟಿ ಬಂದದ್ದು ಸಂತೋಷ. ಮದಲೂರಿನ ವಿಷಯ ಓದಿ ಅತ್ತುಬಿಟ್ಟೆ. ಮದುವೆ ಮನೆಯ ಹಿತ್ತಲ ಬಾಗಿಲಲ್ಲಿ ನೀನು ಹೊರಗೆ ಬಂದದ್ದು ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಇದನ್ನು ಹೇಳದಿದ್ದರೆ ಸುಳ್ಳಾಗುತ್ತದೆ.

ಆದರೆ ಗೋಡೆ ಸರಿಮಾಡಲು ನಾನು ಬೇಕಿಲ್ಲ, ಖಲೀಲ್ ಸಾಕು. ಫೋಟೊ ಹಿಂದಿನ ಬಣ್ಣ ತೋರಿಸಿದರೆ ಅಂಗಡಿಯವರು ಕಲಸಿಕೊಡುತ್ತಾರೆ.

ನಾನು ಮಾರ್ಚ್‌ನಲ್ಲಿ ಕೇಳಿದ್ದು ಗೋಡೆಯನ್ನಲ್ಲ. ಕೊರಟಗೆರೆಯ ಕಡೆ ನನ್ನನ್ನು ಈಗಲೂ ಬೂದಿ ಲೋಹಿತಾ ಎಂದೇ ಕರೆಯುತ್ತಾರೆ. ಒಬ್ಬರ ಮನೆಯಲ್ಲಿ ಬಣ್ಣದ ಕಾರ್ಡ್ ಬಿಚ್ಚಿದರೆ, ಮೊದಲು ಪಕ್ಕದ ಮನೆಯವರನ್ನು ಕರೆದು ಇದು ನೀಲಿಯೇ ಎಂದು ಕೇಳುತ್ತಾರೆ. ಕ್ಷಮಿಸು ಎಂದು ಹೇಳಿಸಲು ನಾನು ಹೊರಟಿಲ್ಲ, ಅದು ನಿನಗೆ ಬರುವುದಿಲ್ಲ. ಅವತ್ತಿನ ಜನರೇ ಇರಬೇಕು. ಮಹಾಲಿಂಗಯ್ಯ ಮಾವ ಇರಬೇಕು. ಗೋಡೆ ನೀಲಿಯಾಗಿತ್ತು ಎಂದು ನಿನ್ನ ಬಾಯಿಂದ ಬರಬೇಕು.

ಆ ಮಾತು ಬಂದ ದಿನ ನಾನು ಬರುತ್ತೇನೆ.

ನಿನ್ನ ಮಗಳು
ಲೋಹಿತಾ


ಸಿರಾ
೧೦ ಫೆಬ್ರವರಿ ೨೦೨೫

ಲೋಹಿತಾಗೆ ಅಮ್ಮನ ಆಶೀರ್ವಾದ.

ನಿನ್ನೆ ನಿನ್ನ ಅಪ್ಪನ ತಿಥಿ. ಗೃಹಪ್ರವೇಶಕ್ಕೆ ಬಂದಿದ್ದವರನ್ನೆಲ್ಲ ಹೇಳಿ ಕಳಿಸಿ ಕರೆಸಿದೆ. ಪೂಜೆಗೆ ಫೋಟೊ ಇಳಿಸಿದಾಗ ಗೋಡೆಯ ಆ ಜಾಗ ಎಲ್ಲರಿಗೂ ಕಂಡಿತು.

ಊಟವಾದ ಮೇಲೆ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ಮಹಾಲಿಂಗನನ್ನು ಕೇಳಿದೆ: "ಯೋಳ್ಲಾ ಮಾಲಿಂಗ, ಫೋಟೊ ಇದ್ದ ಜಾಗದಾಗೆ ಐತಲ್ಲ, ಅದ್ಯಾವ ಬಣ್ಣ?"

ಅವನು ಗೋಡೆ ನೋಡಲಿಲ್ಲ. ನನ್ನ ಮುಖ ನೋಡಿದ. "ನಿಂಗೆ ಹೆಂಗ್ ಕಾಣ್ತೈತಕ್ಕ?" ಎಂದ.

ನನಗೆ ಏನನ್ನಿಸಿತೋ, "ಹಸಿರು ಅಲ್ವೇನ್ಲಾ?" ಎಂದೆ.

"ಹೂಂ ಕಣಕ್ಕ, ಅಂಗೇ ಒಸಿ ಹಸಿರು ಹೊಡಿತೈತೆ" ಎಂದ. ರುದ್ರಮುನಿಯನ್ನು ನೋಡಿದೆ. "ಹಸಿರೇ ಅಮ್ಮ" ಎಂದ. ಅವನ ಹೆಂಡತಿ ತಲೆಯಾಡಿಸಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇವರನ್ನು ಹೀಗೆ ಮಾಡಿದವರು ಯಾರು ಎಂದು ನೀನು ಕೇಳುತ್ತೀಯ, ನನಗೆ ಗೊತ್ತು. ಕೇಳಬೇಡ.

ಆಮೇಲೆ ಎದ್ದು ನಿಂತು ಹೇಳಿದೆ. ಅದು ನೀಲಿ, ನಮ್ಮ ಕೊಳಾಲದ ಗೋಡೆಯ ನೀಲಿ, ಅವತ್ತೂ ನೀಲಿಯೇ ಆಗಿತ್ತು, ಲೋಹಿತಾ ಹೇಳಿದ್ದು ನಿಜ ಎಂದೆ. ನೀನು ಕೇಳಿದ ಹಾಗೆಯೇ, ಒಂದು ಅಕ್ಷರ ಬಿಡದೆ. ಆಮೇಲೆ ಮಹಾಲಿಂಗ, "ಅಂಗೇ ಅನ್ನು ಮತ್ತೆ, ನಾನೂ ಅವತ್ತೇ ಅಂದ್ಕಂಡೆ ನೀಲಿ ಅಂತ" ಎಂದ. ಎಲ್ಲರೂ ಅದನ್ನೇ ಅಂದರು. ನೀಲಿ, ನೀಲಿ ಎಂದು ಎಲೆ ಅಡಿಕೆ ಹಾಕಿಕೊಂಡು ಎದ್ದುಹೋದರು.

ನೀನು ಕೇಳಿದ ಮಾತು ಕೊಟ್ಟಾಯಿತು. ಅದರ ತೂಕ ಎಷ್ಟೆಂದು ಕೊಟ್ಟ ಮೇಲೆ ನನಗೇ ಕಂಡಿತು.

ಎಡಗಣ್ಣಿನ ಆಪರೇಷನ್‌ಗೆ ಡಾಕ್ಟರು ಬರಹೇಳಿದ್ದಾರೆ. ಮಾಡಿಸಿಕೊಳ್ಳಲೋ ಬೇಡವೋ? ಮನೆಯಲ್ಲಿ ಯಾರನ್ನು ಕೇಳಿದರೂ ನನ್ನ ಮುಖ ನೋಡುತ್ತಾರೆ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಗೋಡೆಗೆ ಇನ್ನೂ ಕೈ ಹಾಕಿಸಿಲ್ಲ. ನೀನು ಬಂದರೆ ಮೇಲಿನ ಕೋಣೆ ನಿನಗೇ, ಅಲ್ಲಿಂದಲೇ ನಿನ್ನ ಕೆಲಸ ನಡೆಸಬಹುದು. ನನ್ನ ಮಾತಿಗೆ ಇಲ್ಲ ಎನ್ನುವವರು ಒಬ್ಬರಾದರೂ ಇರಬೇಕು.

ಬಾ.

ನಿನ್ನ ಅಮ್ಮ
ಬಸವಮ್ಮ


ಮಧುಗಿರಿ
೧ ಮಾರ್ಚ್ ೨೦೨೫

ಅಮ್ಮನಿಗೆ ನಮಸ್ಕಾರ.

ನೀನು ಆಡಿದ ಮಾತು ಇಲ್ಲಿಗೂ ತಲುಪಿತು. ಬೂದಿ ಬಳಿದವಳು ಎಂದು ಹೋದ ವರ್ಷ ನನ್ನ ಕೆಲಸ ಬೇಡವೆಂದಿದ್ದ ಕೊರಟಗೆರೆಯ ಮನೆಯಾಕೆ ಹೋದ ವಾರ ಫೋನ್ ಮಾಡಿ, "ನಿಮ್ಮಮ್ಮನೇ ನೀಲಿ ಅಂದ್ರಂತಲ್ಲ, ಹಂಗಾದ್ರೆ ಬಂದ್ ಮಾಡ್ಕೊಡಿ" ಎಂದರು. ಹೋಗಿ ಒಪ್ಪಿಕೊಂಡು ಬಂದೆ. ನನ್ನ ಕೆಲಸವನ್ನು ಆಕೆ ಅವತ್ತೂ ನೋಡಿರಲಿಲ್ಲ, ಇವತ್ತೂ ನೋಡಲಿಲ್ಲ. ನೀನು ಬೂದಿ ಎಂದಾಗ ನಾನು ಬೂದಿ, ನೀಲಿ ಎಂದಾಗ ನೀಲಿ.

ಬರುತ್ತೇನೆ ಎಂದು ಬರೆದಿದ್ದೆ. ಬಸ್ಸಿಗೆಂದು ಹೊರಟೂ ಹೊರಟೆ. ನಿನ್ನ ಕಾಗದದ ಒಂದು ಸಾಲು ದಾರಿಯಲ್ಲಿ ನಿಲ್ಲಿಸಿಬಿಟ್ಟಿತು. ಮಾವ ಗೋಡೆ ನೋಡಲಿಲ್ಲ, ನನ್ನ ಮುಖ ನೋಡಿದ ಎಂದು ಬರೆದಿದ್ದೀಯಲ್ಲ, ಅದು.

ಅಮ್ಮ, ನಾನೂ ನಿನ್ನ ಮುಖ ನೋಡಿಕೊಂಡೇ ಬೆಳೆದವಳು. ಸಾರಿಗೆ ಉಪ್ಪು ಸಾಕೇ ಎಂದು ನೀನು ಕೇಳಿದರೆ, ನಾಲಿಗೆಯನ್ನು ಕೇಳುವ ಮೊದಲು ನಿನ್ನ ಹುಬ್ಬು ನೋಡುತ್ತಿದ್ದೆ. ಯಾವ ಕಾಲೇಜು, ಯಾವ ಸೀರೆ, ಯಾವ ಗಂಡು ಎಲ್ಲವನ್ನೂ ಹಾಗೆಯೇ ಒಪ್ಪಿದೆ. ಪ್ರಸನ್ನ ಕುಮಾರ್ ಒಳ್ಳೆಯವರಾಗಿದ್ದು ನನ್ನ ಪುಣ್ಯ. ನನ್ನ ಕಸುಬಿನ ವಿಷಯ ಬಂದಾಗ ಒಂದೇ ಒಂದು ಸಲ ಗೋಡೆ ನೋಡಿ ಹೇಳಿದೆ. ಎಲೆಯ ಮುಂದೆ ಕೂತವಳನ್ನು ನೀನು ಎಬ್ಬಿಸಿ ಕಳಿಸಿದೆ.

ಈಗ ಇಲ್ಲ ಎನ್ನುವವರು ಬೇಕು ಎಂದು ಕರೆಯುತ್ತೀಯ. ಬಂದರೆ ಮೊದಲು ನಾಲ್ಕು ದಿನ ನಾನು ಗೋಡೆ ನೋಡಿಯೇನು. ಆಮೇಲೆ ಒಂದು ಬೆಳಿಗ್ಗೆ ನೀನು ಏನೋ ಕೇಳುತ್ತೀಯ, ನಾನು ತಿರುಗಿ ನಿನ್ನ ಮುಖ ನೋಡುತ್ತೇನೆ. ಅದು ಆಗೇ ಆಗುತ್ತದೆ, ಅಭ್ಯಾಸ ಅಂಥದು. ಅದಕ್ಕೇ ಬರುವುದಿಲ್ಲ. ಮಾತಿಗೆ ತಪ್ಪಿದವಳು ಎಂದು ಬೇಕಾದರೆ ಪಂಕ್ತಿಯಲ್ಲಿ ಹೇಳು, ಎಲ್ಲರೂ ಹೌದೆನ್ನುತ್ತಾರೆ.

ಬಣ್ಣದ ನಂಬರನ್ನು ಖಲೀಲ್‌ಗೆ ಕಳಿಸಿದ್ದೇನೆ. ಒಂದು ಗೋಡೆಗೆ ಮಾತ್ರ ಬಳಿಸು.

ಎಡಗಣ್ಣಿನ ಬಗ್ಗೆ ಕೇಳಿದ್ದೀಯ. ನಾನು ಹುಟ್ಟಿದ ಮೇಲೆ ನನ್ನ ಅಭಿಪ್ರಾಯವನ್ನು ನೀನು ನಿಜವಾಗಿ ಕೇಳಿದ್ದು ಇದೇ ಮೊದಲು, ಅದಕ್ಕೆ ನಿನ್ನ ಮುಖ ಕಾಣದ ದೂರದಲ್ಲಿ ಕೂತು ಹೇಳುತ್ತಿದ್ದೇನೆ. ಮಾಡಿಸಿಕೊಳ್ಳಬೇಡ. ಆ ಮನೆಯವರ ಜೊತೆ ಬಾಳಲು, ಅವರೆಲ್ಲ ಸರಿ ಎಂದು ತೋರಿಸುವ ಆ ಕಣ್ಣು ನಿನಗೆ ಬೇಕಾಗುತ್ತದೆ.

ಲೋಹಿತಾ